ಕಟ್ ಎಂದ ಮೇಲಿನ ಮುಖ

ನಾನು ದರ್ಜಿ. ನನ್ನ ಹೆಂಡತಿ ಎಡಿಟರ್, ಸಿನಿಮಾ ಮತ್ತು ಟಿವಿಗೆ. ಗಂಡ ಹೆಂಡತಿ ಇಬ್ಬರೂ ಕತ್ತರಿ ನಂಬಿ ಬದುಕಿದವರು ಎಂದು ನೆಂಟರು ತಮಾಷೆ ಮಾಡುತ್ತಾರೆ. ಮಾಡಲಿ. ಆದರೆ ನಾನು ಹೊಲಿದ ಕೋಟು ಚೆನ್ನಾಗಿದ್ದರೆ ನಾಲ್ಕು ಜನ 'ಯಾರ್ರೀ ಹೊಲಿದದ್ದು?' ಎಂದು ಕೇಳುತ್ತಾರೆ. ಅವಳ ಕೆಲಸ ಚೆನ್ನಾಗಿದ್ದರೆ ಅಂಥದ್ದೊಂದು ಕೆಲಸ ನಡೆದಿದೆ ಎಂದೇ ಯಾರಿಗೂ ತಿಳಿಯುವುದಿಲ್ಲ. ಮೂವತ್ತು ವರ್ಷ ಜೊತೆಗಿದ್ದ ನನಗೇ ತಿಳಿದಿರಲಿಲ್ಲ, ಬಿಡಿ.

"ದಿನಾ ಆ ಕತ್ತಲೆ ರೂಮಲ್ಲಿ ಏನೇ ಮಾಡ್ತೀಯ?" ಎಂದು ಕೇಳಿದರೆ, "ಬೇಡದ್ದನ್ನ ತೆಗೀತೀನಿ" ಎನ್ನುತ್ತಿದ್ದಳು. ಅಷ್ಟೇ. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವ ಹಾಗೆ. ನನಗೋ, ತಿಳಿಯದ ವಿಷಯ ಇದ್ದರೆ ಊಟ ರುಚಿಸುವುದಿಲ್ಲ. ಕೆದಕಿ ಕೆದಕಿ ಕೇಳಿ ಕಲೆಹಾಕಿದ್ದು ಇಷ್ಟು.

ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಫಿಲ್ಮನ್ನು ನಿಜವಾಗಿಯೂ ಬ್ಲೇಡಿನಿಂದ ಕೊಯ್ದು, ಟೇಪು ಹಚ್ಚಿ ಅಂಟಿಸುತ್ತಿದ್ದರಂತೆ. ಕೈಗೆ ಬಿಳಿ ಗ್ಲೌಸು, ಮೊಳೆಗಳಿಗೆ ನೇತುಹಾಕಿದ ಫಿಲ್ಮಿನ ತುಂಡುಗಳು. ಕೆಲಸ ಕಲಿಸಿದ ಮೇಷ್ಟ್ರು ಮಹಾ ಸಿಡುಕ. ಒಂದು ಶಾಟಿನ ಕೊನೆಯ ಎರಡಡಿಯನ್ನು ಇವಳು ಕಸವೆಂದು ಎಸೆದದ್ದಕ್ಕೆ ಕಸದ ಬುಟ್ಟಿಯನ್ನೇ ತಂದು ಮುಂದೆ ಸುರಿದು, "ಹುಡುಕು" ಎಂದರಂತೆ. ನಿರ್ದೇಶಕರು 'ಕಟ್' ಎಂದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಓಡುತ್ತಿರುತ್ತದೆ. ಆ ಭಾಗಕ್ಕೆ ಮೇಷ್ಟ್ರು ಬಾಲ ಎನ್ನುತ್ತಿದ್ದರು. "ಕಟ್ ಅನ್ನೋವರೆಗೂ ನಟ ಇರ್ತಾನೆ ಕಣಮ್ಮ. ಮನುಷ್ಯ ಸಿಗೋದು ಬಾಲದಲ್ಲೇ" ಎಂದಿದ್ದರಂತೆ. ಆಮೇಲೆ ಬ್ಲೇಡು ಹೋಗಿ ಕಂಪ್ಯೂಟರ್ ಬಂತು, ಇವಳೂ ಸಿನಿಮಾ ಬಿಟ್ಟು ಧಾರಾವಾಹಿಗೆ ಬಂದಳು. ಬಾಲ ನೋಡುವ ಚಟ ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೆಲಸದ ಹೊತ್ತಿನಲ್ಲಿ ಎಂದೂ ಬಂದವಳಲ್ಲ.

"ರೀ, ನನ್ನಿಂದ ಒಂದು ದೊಡ್ಡ ತಪ್ಪಾಗಿದೆ."

ಹೊಲಿಗೆ ಯಂತ್ರ ನಿಲ್ಲಿಸಿದೆ. ಅವಳ ಧಾರಾವಾಹಿಯಲ್ಲಿ ಒಬ್ಬರು ಹಿರಿಯ ನಟರಿದ್ದಾರೆ, ಎಪ್ಪತ್ತನಾಲ್ಕು ವಯಸ್ಸು. ಪಾತ್ರದಲ್ಲಿ ತಾತ, ಹೊರಗೂ ಎಲ್ಲರಿಗೂ ತಾತನೇ. ಎರಡು ವರ್ಷದಿಂದ ಅವರಿಗೆ ಮಾತು ನೆನಪಿರುತ್ತಿಲ್ಲ. ಎರಡು ಸಾಲು ಹೇಳುತ್ತಾರೆ, ಮೂರನೆಯದು ಮಾಯ. ದಿನನಿತ್ಯದ ಚಿತ್ರೀಕರಣ ಸಹಾಯಕ ನಿರ್ದೇಶಕರ ಪಾಲು. ಅವರಿಗೆ ತಾತ ಎಂದರೆ ಪ್ರಾಣ, ಬಾಯಿ ಬಿಡಲಿಲ್ಲ. ನಿರ್ದೇಶಕರು ನೋಡುವುದು ಸಿದ್ಧವಾದ ಸಂಚಿಕೆ ಮಾತ್ರ. ಆ ಸಂಚಿಕೆಯಲ್ಲಿ ಮರೆವೇ ಕಾಣದ ಹಾಗೆ ಇವಳು ನೋಡಿಕೊಳ್ಳುತ್ತಿದ್ದಳು. ತಾತ ತಡಕಾಡಿದ ಕಡೆ ಮೊಮ್ಮಗಳ ಪಾತ್ರದ ಮುಖ, ಮುಂದಿನ ಮಾತು ಬೇರೊಂದು ಶಾಟಿನದು, ನಡುವಿನ ಮೌನಕ್ಕೆ ಬಾಲದಿಂದ ತೆಗೆದ ಮುಖ.

ಆ ಮೌನಕ್ಕೆ ಜನ ಹುಚ್ಚಾಗಿದ್ದರು. ನನ್ನ ಅಕ್ಕ ಫೋನ್ ಮಾಡಿ, "ಆ ಮನುಷ್ಯ ಸುಮ್ನಿದ್ರೂ ಅಳು ಬರುತ್ತೆ ಕಣೋ" ಎನ್ನುತ್ತಿದ್ದಳು.

"ಒಳ್ಳೇದೇ ಮಾಡಿದೀಯಲ್ಲೇ. ತಪ್ಪೇನು ಬಂತು?" ಎಂದೆ.

"ಸಾವಿರದ ಎಪಿಸೋಡಿಗೆ ನಿರ್ದೇಶಕರೇ ಬರ್ತಾರಂತೆ. ತಾತ ಒಬ್ರೇ ಐದು ನಿಮಿಷ ಮಾತಾಡ್ಬೇಕು. ಒಂದೇ ಶಾಟು. ಇಂಥ ನಟನಿಗೆ ಎಡಿಟಿಂಗ್ ಯಾಕ್ರೀ ಬೇಕು ಅಂತ ನನ್ನನ್ನೇ ಕೇಳಿದ್ರು."

ಅಯ್ಯೋ ದೇವರೇ! ಕಾಣದ ಹಾಗೆ ತೇಪೆ ಹಾಕಿ ಹಾಕಿ, ಬಟ್ಟೆ ಹೊಸದೆಂದೇ ನಂಬಿಸಿಬಿಟ್ಟಿದ್ದಳು. ಈಗ ಅಷ್ಟು ಜನರ ಮುಂದೆ ಮಾನ ಹೋಗುವುದು ಆ ಮುದುಕರದು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಹೋಗಿ ತಾತನಿಗೇ ಹೇಳೇ."

"ಅವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ ರೀ!"

ನಿಜ. ನಾಲ್ಕು ವರ್ಷ ದಿನಕ್ಕೆ ಎಂಟು ಗಂಟೆ ಅವರ ಮುಖ ನೋಡಿದ್ದಾಳೆ, ಯಾವ ಕಣ್ಣು ಮೊದಲು ಮಿಟುಕುತ್ತದೆ ಎಂದು ಕೂಡ ಬಲ್ಲಳು. ಅವರು ಇವಳನ್ನು ಒಮ್ಮೆಯೂ ಕಂಡಿಲ್ಲ. ಭಾನುವಾರ ನಾನೇ ಹೊರಡಿಸಿಕೊಂಡು ಹೋದೆ. ತಾತನೇ ಬಾಗಿಲು ತೆಗೆದರು. ಸ್ವೆಟರಿನ ಎರಡನೇ ಗುಂಡಿ ಇರಲಿಲ್ಲ, ನನ್ನ ಕಣ್ಣು ಅಲ್ಲಿಗೇ ಹೋಯಿತು. ಇವಳು ಹೊಸದಾಗಿ ಶಾಲೆಗೆ ಬಂದವಳ ಹಾಗೆ ನನ್ನ ಬೆನ್ನ ಹಿಂದೆ ನಿಂತಳು.

"ನಿಮ್ಮ ಸೀರಿಯಲ್ ಎಡಿಟರ್ ಇವಳು" ಎಂದೆ.

ತಾತ ಅವಳನ್ನು ತುಂಬಾ ಹೊತ್ತು ನೋಡಿದರು. "ನೀನೇನಮ್ಮ ಅದು? ಬಾ ಒಳಗೆ."

ಒಳಗೆ ಕನ್ನಡಿ, ಫ್ರಿಜ್ಜು, ಕಿಟಕಿ ಎಲ್ಲ ಕಡೆ ಆ ಐದು ನಿಮಿಷದ ಮಾತನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು.

"ನನ್ನ ತಮ್ಮ ಸತ್ತ ಸೀನಲ್ಲಿ ಊರೆಲ್ಲ ಅತ್ತಿತಲ್ಲ, ಆ ಮುಖ?" ಎಂದರು. "ಅದು ಟೀ ಬಂತಾ ಅಂತ ನಾನು ಬಾಗಿಲ ಕಡೆ ನೋಡಿದ್ದು ಕಣಮ್ಮ! ಟಿವೀಲಿ ನೋಡಿ ನಾನೇ ಬೆಚ್ಚಿಬಿದ್ದೆ."

ನಾನು ಜೋರಾಗಿ ನಕ್ಕೆ. ತಾತನೂ ನಕ್ಕರು. ಇವಳು ನಗಲಿಲ್ಲ.

"ಯಾರೋ ನನ್ನ ಮಾನ ಕಾಯ್ತಿದ್ದಾರೆ ಅಂತ ಆವತ್ತೇ ಗೊತ್ತಾಯ್ತು. ಕೆಲಸ ಹೋದ್ರೆ ಹೋಗ್ಲಿ ಅನ್ನೋಕಾಗಲ್ಲಮ್ಮ. ಮನೇಲಿ ಒಬ್ನೇ ಕೂತ್ರೆ, ಉಳಿದಿರೋ ನೆನಪೂ ಹೊರಟುಹೋಗುತ್ತೆ. ಅದೇ ಭಯ ನಂಗೆ."

ಇವಳು ಆಗ ಬಾಯಿ ಬಿಟ್ಟಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಮೊದಲು. "ನೀವು ಮಾತು ಮರೆತಿದ್ದೀರಿ, ಕೇಳೋದು ಮರೆತಿಲ್ಲ. ನಿಮ್ಮ ಶಾಟೆಲ್ಲ ನೋಡಿದೀನಿ. ಎದುರಿಗಿರೋರು ಮಾತಾಡಿದ್ರೆ ನಿಮ್ಮಷ್ಟು ಚೆನ್ನಾಗಿ ಯಾರೂ ಕೇಳಲ್ಲ. ಆ ಐದು ನಿಮಿಷದ ಮಾತೆಲ್ಲ ಮೊಮ್ಮಗಳು ಆಡ್ಲಿ. ನೀವು ಕೇಳಿ, ಸಾಕು."

ಮರುದಿನ ಇಬ್ಬರೂ ನಿರ್ದೇಶಕರ ಹತ್ತಿರ ಹೋದರು. ತಾತ ತಾವೇ ಹೇಳಿಕೊಂಡರು. ಇವಳು ಎರಡು ವರ್ಷದ ತಡವರಿಕೆಯನ್ನೆಲ್ಲ ಪರದೆಯ ಮೇಲೆ ತೋರಿಸಿದಳು.

"ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?" ಎಂದು ನಿರ್ದೇಶಕರು ಕೂಗಾಡಿದರಂತೆ. ಕೂಗಾಡದೆ ಇನ್ನೇನು, ಅವರ ಜಾಗದಲ್ಲಿದ್ದರೆ ನಾನೂ ಕೂಗಾಡುತ್ತಿದ್ದೆ. ಕೊನೆಗೆ, "ನೀವು ಹೇಳಿದ ಹಾಗೆ ಒಂದೇ ಒಂದು ಸಲ ತೆಗೀತೀನಿ. ಸರಿ ಬರ್ಲಿಲ್ವೋ, ಮುಂದಿನ ವಾರ ತಾತನ ಪಾತ್ರ ಸಾಯುತ್ತೆ" ಎಂದರಂತೆ.

ಆ ಶಾಟು ಇವಳ ಕೈಗೆ ಬಂದ ದಿನ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಅವಳ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಎರಡು ಪರದೆ, ಒಂದು ಫ್ಯಾನು, ಕುರ್ಚಿಯ ಮೇಲೆ ನಾನೇ ಹೊಲಿದುಕೊಟ್ಟ ದಿಂಬು. ಗೋಡೆಯ ಮೊಳೆಯಲ್ಲಿ ಎರಡಡಿ ಹಳೆಯ ಫಿಲ್ಮು ತೂಗುತ್ತಿತ್ತು. ಅವತ್ತು ಕಸದಲ್ಲಿ ಹುಡುಕಿ ತೆಗೆದದ್ದು ಎಂದಳು.

ಶಾಟು ಓಡಿತು. ಮೊಮ್ಮಗಳು ಚಿಕ್ಕಂದಿನಲ್ಲಿ ತಾತ ಹೇಳಿದ್ದ ಸುಳ್ಳುಗಳನ್ನು ಒಂದೊಂದಾಗಿ ನೆನಪಿಸುತ್ತಾಳೆ. ತಾತ ಕೇಳುತ್ತಾರೆ. ಅಷ್ಟೇ. ಕೇಳುತ್ತಾ ಕೇಳುತ್ತಾ ಅವರಿಗೆ ಒಂದೊಂದೇ ನೆನಪಾಗುವುದು ಮುಖದಲ್ಲಿ ಕಾಣುತ್ತದೆ. ಟೀ ಕಥೆ ಗೊತ್ತಿದ್ದ ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

"ಕಟ್" ಎಂದು ಕೇಳಿಸಿತು. ನನಗೆ ಮುಗಿಯಿತು ಅನ್ನಿಸಿ ಏಳಲು ಹೋದೆ. ಇವಳು ನನ್ನ ಕೈ ಹಿಡಿದು ಕೂರಿಸಿದಳು.

ಬಾಲ ಇನ್ನೂ ಓಡುತ್ತಿತ್ತು. ಯಾರೋ ಲೈಟು ಆರಿಸಿದರು, ಯಾರೋ ಚಪ್ಪಾಳೆ ಹೊಡೆದರು. "ತಾತ ಸಾಯಲ್ಲ, ಬಿಡ್ರಪ್ಪ" ಎಂದ ನಿರ್ದೇಶಕರ ದನಿ ಕೇಳಿಸಿತು. ತಾತ ಅವರ ಕಡೆ ನೋಡಲಿಲ್ಲ. ಮೆಲ್ಲಗೆ ತಿರುಗಿ ನೇರವಾಗಿ ಕ್ಯಾಮೆರಾ ನೋಡಿದರು. ಅಲ್ಲಿ ನಿಂತವರಿಗೆ ಯಾರ ಜೊತೆ ಮಾತು ಎಂದು ಅರ್ಥವಾಗಿರಲಿಕ್ಕಿಲ್ಲ.

"ಇಷ್ಟು ಸಾಕೇನಮ್ಮ?"

"ಸಾಕು" ಎಂದಳು ಇವಳು, ಪರದೆಗೆ. ಕಣ್ಣು ಒರೆಸಿಕೊಂಡು, ಶಾಟನ್ನು ಹಿಂದಕ್ಕೆ ಓಡಿಸಿ, 'ಕಟ್' ಎಂಬ ಮಾತಿಗೆ ಸ್ವಲ್ಪ ಮುಂಚೆ ಕತ್ತರಿ ಹಾಕಿದಳು. ಸಾವಿರದ ಸಂಚಿಕೆಯ ಆ ದೃಶ್ಯದಲ್ಲಿ ಅವಳು ಮಾಡಿದ ಕೆಲಸ ಅದೊಂದೇ. ತೆಗೆದ ತುಂಡನ್ನು ಎಸೆಯಲಿಲ್ಲ.