ಸೇನಾಪತಿಯ ತಯಾರಿ

ಅಂಚೆ ಕಚೇರಿಯಲ್ಲಿ ಎಡಗೈಯಲ್ಲೇ ಕಾಗದ ವಿಂಗಡಿಸುವ ಈ ಗುಮಾಸ್ತರನ್ನು ನಾವೆಲ್ಲ ಸೇನಾಪತಿ ಎನ್ನುತ್ತೇವೆ. ಹಳೆಯ ಸಾಮ್ರಾಜ್ಯಗಳು ಕಾದಾಡುವ ಕಂಪ್ಯೂಟರ್ ಆಟವೊಂದರ ಬಿಡುಗಡೆಗೆ ಅವರು ಮೂರು ವರ್ಷದಿಂದ ಬಕಪಕ್ಷಿಯಂತೆ ಕಾಯುತ್ತಿದ್ದಾರೆ. ಟ್ರೇಲರಿನಲ್ಲಿರುವ ಕುದುರೆಗಳನ್ನೆಲ್ಲ ಎಣಿಸಿದ್ದಾರೆ. ಕೋಟೆಯ ಬಾಗಿಲು ಎಲ್ಲಿರಬೇಕೆಂದು ನಮ್ಮ ಊಟದ ಡಬ್ಬಿಗಳನ್ನು ಜೋಡಿಸಿ ತೋರಿಸುತ್ತಾರೆ, ಊಟ ಆರುವವರೆಗೆ. "ಈ ಆಟ ಯಾರಿಗೂ ಕಾಯಲ್ಲ ಕಣ್ರೀ. ನಾವು ಯೋಚಿಸ್ತಾ ಕೂತ್ರೆ ಶತ್ರು ಕೂತಿರಲ್ಲ" ಎಂಬುದು ಅವರ ನಿತ್ಯದ ಮಾತು. ನಿನ್ನೆ ಬಿಡುಗಡೆ ಮತ್ತೆ ಆರು ತಿಂಗಳು ಮುಂದೆ ಹೋಯಿತು. ಸಮಾಧಾನ ಹೇಳಲು ಹೋದೆ. ಅವರು ಹೋದ ವರ್ಷ ಪಾರ್ಶ್ವವಾಯು ಬಡಿದ ಬಲಗೈಯನ್ನು ಎಡಗೈಯಿಂದ ಎತ್ತಿ ಕಚೇರಿಯ ಮೌಸಿನ ಮೇಲಿಟ್ಟು, ತೋರುಬೆರಳನ್ನು ಒಂದಿಷ್ಟು ಅಲುಗಿಸಿದರು. "ಒಳ್ಳೇದೇ ಆಯ್ತು ಬಿಡಿ," ಎಂದರು, "ಇದಕ್ಕೂ ಇನ್ನೂ ಸ್ವಲ್ಪ ಟೈಮ್ ಬೇಕಿತ್ತು."