ಪುಟ್ಟಕ್ಕ ಕಂಡ ಹೆರಿಗೆ

ಮೇಗುಂದ ಕಡೆಯ ನಮ್ಮೂರಿನಲ್ಲಿ ಪುಟ್ಟಕ್ಕ ಹೆರಿಗೆ ಮಾಡಿಸದ ಮನೆ ಹುಡುಕಿದರೂ ಸಿಕ್ಕಲಿಕ್ಕಿಲ್ಲ. ತೋಟದ ಕೂಲಿಗೆ ಹೋಗುತ್ತಲೇ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡವಳು. ಬಸುರಿಯರು ಜೀಪು ಹತ್ತಿ ಕೊಪ್ಪದ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಆ ಕೆಲಸ ನಿಂತಿತು. ಅರವತ್ತೈದು ದಾಟಿದರೂ ಕೂಲಿ ಮಾತ್ರ ನಿಲ್ಲಲಿಲ್ಲ.

೨೦೦೩ರಲ್ಲಿ ಊರ ಈಶ್ವರ ದೇವಸ್ಥಾನದ ರಿಪೇರಿಗೆ ಅವಳು ಸಿಮೆಂಟ್ ಹೊರಲು ಬಂದಳು. ಗಾರೆ ಕೆಲಸದ ಬೂತಪ್ಪ ಹೊರಗೋಡೆಯ ಹಳೇ ಸುಣ್ಣ ಕೆರೆದಾಗ ಕಲ್ಲಿನಲ್ಲಿ ಕೆತ್ತಿದ ಹೆಂಗಸೊಬ್ಬಳು ಕಾಣಿಸಿಕೊಂಡಳು. ಮೈಮೇಲೆ ತುಂಡು ಬಟ್ಟೆಯಿಲ್ಲ, ಮಂಡಿ ಅಗಲಿಸಿ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಯಾವ ಕಾಲದಲ್ಲೋ ಯಾರೋ ಮರ್ಯಾದಸ್ಥರು ಅವಳಿಗೆ ಸುಣ್ಣ ಮೆತ್ತಿದ್ದರು. ಅದಕ್ಕೂ ಮೊದಲು ಇನ್ಯಾರೋ ಉಳಿ ಹಿಡಿದು ಎದೆ ಒಡೆದುಹಾಕಿದ್ದರು. ನಾವು ಆಧುನಿಕರು ನೋಡಿ, ಕಮಿಟಿ ಸೇರಿಸಿ, ಸಿಮೆಂಟ್ ಬಳಿಯುವುದೆಂದು ಠರಾವು ಮಾಡಿದೆವು. ಅಧ್ಯಕ್ಷ ತ್ರ್ಯಂಬಕನ ಸಹಿಯ ಕೆಳಗೆ ಊರಿನ ಮೇಷ್ಟ್ರಾದ ನನ್ನದೂ ಇತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಾಂಡ್ಲಿಯಲ್ಲಿ ಸಿಮೆಂಟ್ ಹೊತ್ತು ಬಂದ ಪುಟ್ಟಕ್ಕ ಕಲ್ಲನ್ನು ನೋಡಿ ನಿಂತಳು. ಬಾಂಡ್ಲಿ ಇಳಿಸಿದಳು. ಹೋಗಿ ಕೈ ತೊಳೆದು ಬಂದು, ಕಲ್ಲಿನ ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

“ಬೂತಪ್ಪ, ಕರಣೆ ಕೆಳಗಿಡು ಮಾರಾಯ. ಇವ್ಳಿಗೆ ನೋವು ಬಂದೈತೆ.”

ಕೆಲಸ ನಿಂತಿತೆಂದು ತಿಳಿದು ತ್ರ್ಯಂಬಕ ಓಡಿ ಬಂದ. “ಎಂತ ಪುಟ್ಟಕ್ಕ ಇದು? ಹೆಂಗಸ್ರು ಮಕ್ಕಳು ಬರೋ ಜಾಗ, ಅಸಹ್ಯ ಕಾಣಲ್ವ?”

“ಅಸಹ್ಯ ಎಂತದು ಅಯ್ಯ? ಕಾಲ್ಬೆರಳು ನೋಡಿ, ನೆಲ ಕಚ್ಚಿ ಹಿಡ್ದಾವೆ. ಕೆಳಗೆ ನೋಡಿ, ಮಗೀನ ನೆತ್ತಿ ಕಾಣ್ತೈತೆ. ನಿಮ್ಮಮ್ಮನೂ ಹಿಂಗೇ ಕೂತಿದ್ರು. ಆವತ್ತು ನಾ ಮುಖ ತಿರುಗಿಸಿದ್ರೆ ಇವತ್ತು ನೀವು ಅಧ್ಯಕ್ಷರಾಗ್ತಿದ್ರಾ?”

ನಾವು ಬಗ್ಗಿ ನೋಡಿದೆವು. ಹೌದು, ನೆತ್ತಿ ಕಾಣುತ್ತಿತ್ತು. ಅಷ್ಟು ದಿನ ನಮ್ಮ ಕಣ್ಣಿಗೆ ಬೇರೆಯೇ ಕಂಡಿತ್ತು. ಆ ಕೆತ್ತನೆಯನ್ನು ಓದಲು ಊರಿನಲ್ಲಿ ಬಂದದ್ದು ಅಕ್ಷರ ಬಾರದ ಅವಳೊಬ್ಬಳಿಗೆ. ನನಗೆ ಅವಳ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ತ್ರ್ಯಂಬಕ ಅರ್ಧ ಸೋತ. “ಆಯ್ತು, ಸಿಮೆಂಟ್ ಬೇಡ. ಒಂದು ಸೀರೆಯಾದ್ರೂ ಹೊದಿಸಿ ಬಿಡೋಣ.”

ಪುಟ್ಟಕ್ಕ ಕಲ್ಲಿಗೆ ಅಡ್ಡವಾಗಿ ಕೂತಳು.

“ಹೆರಿಗೆ ಆಗ್ಲಿ ಅಯ್ಯ, ಆಮೇಲೆ ನಾನೇ ಹೊದಿಸ್ತೀನಿ. ಈಗ ಗಂಡಸ್ರೆಲ್ಲ ಆಚೆ ಹೋಗಿ.”

ಹೋದೆವು. ಮುಚ್ಚುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.