ಹುಲಗೆಮ್ಮನ ‘ಎಹ್ಹೆಂ’

ಪಂಚಾಯತಿ ಅಧ್ಯಕ್ಷೆ ಹುಲಗೆಮ್ಮನ ಗಂಟಲಲ್ಲಿ ಇರುವುದು ಕಫವಲ್ಲ, ಹಟ. ಸಭೆಯಲ್ಲಿ ಗಂಡಸರು ಅವಳ ಮಾತಿನ ಮೇಲೆ ಮಾತು ಹೇರಿದರೆ ಅವಳು ಜಗಳಕ್ಕೆ ನಿಲ್ಲುವುದಿಲ್ಲ. ‘ಎಹ್ಹೆಂ’ ಎಂದು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾಳೆ, ಗೋಡೆಯ ಹಲ್ಲಿಯೂ ಲೊಚಗುಟ್ಟುವುದನ್ನು ನಿಲ್ಲಿಸುತ್ತದೆ. ಕಾಲುವೆ ನೀರು ಕೇಳಲು ಮಾನ್ವಿಯ ನೀರಾವರಿ ಕಚೇರಿಗೆ ಹೋದರೆ, ಸಾಹೇಬರು ಫೋನು ಕೆಳಗಿಡುವವರೆಗೂ ಎಹ್ಹೆಂ. ರಾಯಚೂರು ಬಸ್ಸಿನಲ್ಲಿ, ಹೆಂಗಸರ ಸೀಟು ಹಿಡಿದ ಮೀಸೆಯವನು ಏಳುವವರೆಗೂ ಎಹ್ಹೆಂ. ಸಾಲಿ ಕಲಿಯುವ ಮೊಮ್ಮಗಳು ಮಂಜುಳಾ ಒಮ್ಮೆ, “ಅಜ್ಜೀ, ಇಂಗ್ಲಿಷಿನ್ಯಾಗ ಇದಕ್ಕ ಅಹೆಮ್ ಅಂತಾರ. ನಾ ಇಲ್ಲಿ ಅದೀನಿ, ಈ ಕಡಿ ನೋಡ್ರಿ ಅಂತ ಅದರರ್ಥ” ಅಂದಳು. ಹುಲಗೆಮ್ಮ ನಕ್ಕಳು. “ಇಂಗ್ಲಿಷ್ ಬರದಿದ್ರೂ ನಮ್ಮ ಮಾವ ಅದನ್ನ ಕಲಿಸಿ ಹೋಗ್ಯಾನ ತಗೋ.” ಮಾವ ಹೊಸ್ತಿಲಲ್ಲಿ ಕೆಮ್ಮಿದರೆ ಹೊರಗೆ ಕೂತ ಮಗ ದಿಗ್ಗನೆ ಎದ್ದು ನಿಲ್ಲಬೇಕಿತ್ತು, ಸೊಸೆ ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಸೆರಗು ಹೊದ್ದು ಒಳಗೆ ಸರಿಯಬೇಕಿತ್ತು. ಮೂವತ್ತು ವರ್ಷ ಅವಳು ಸರಿದಿದ್ದಾಳೆ. ಅಧ್ಯಕ್ಷೆಯಾದ ಮೊದಲ ದಿನ ಪಂಚಾಯತಿ ಬಾಗಿಲಿಗೆ ಬಂದರೆ, ಅವಳ ಕುರ್ಚಿಯಲ್ಲಿ ಗಂಡ ವೆಂಕಣ್ಣ ಕಾಲು ಮೇಲೆ ಕಾಲು ಹಾಕಿ ಕೂತು, “ಆಕಿಗೇನ್ ತಿಳೀತದ? ಏನಿದ್ರೂ ನನ್ನ ಕೇಳ್ರಿ” ಎನ್ನುತ್ತಿದ್ದ. ಅವಳು ಹೊಸ್ತಿಲ ಮೇಲೆ ನಿಂತು, ಥೇಟ್ ಮಾವನ ಹಾಗೆಯೇ, ಗಂಟಲಾಳದಿಂದ ‘ಎಹ್ಹೆಂ’ ಎಂದಳು. ಸತ್ತ ಅಪ್ಪನೇ ಬಂದನೇನೋ ಎಂಬಂತೆ ವೆಂಕಣ್ಣ ದಡಬಡಿಸಿ ಎದ್ದು ನಿಂತ. ಹುಲಗೆಮ್ಮ ಹೋಗಿ ಕೂತಳು.